ಅಪೇಕ್ಷಿಸದ ಸಾಮೂಹಿಕ ಇ-ಮೇಲ್ (ಸ್ಪ್ಯಾಮ್): ಸ್ವೀಕರಿಸುವವರು ಹಾಗೂ ಕಳುಹಿಸುವವರ ನಡುವಿನ ವಿವಾದಗಳು ಮತ್ತು ಪರಿಹಾರ ಮಾರ್ಗಗಳು

ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಸರ್ಕಾರದ ಅನೇಕ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ಅರ್ಜಿದಾರರ ಇ-ಮೇಲ್ ವಿಳಾಸವನ್ನು ಕೇಳಲಾಗುತ್ತದೆ. ಸ್ವೀಕೃತಿ ಸಂಖ್ಯೆ, ದಾಖಲೆಗಳಲ್ಲಿನ ನ್ಯೂನತೆಯ ತಿಳಿವಳಿಕೆ, ಪ್ರವೇಶ ಪತ್ರ, ಮಂಜೂರಾತಿ ಆದೇಶ ಮುಂತಾದವು ಈ ವಿಳಾಸಕ್ಕೆ ರವಾನೆಯಾಗುತ್ತವೆ. ಇದೇ ವಿಳಾಸಕ್ಕೆ ಸಾಲದ ಜಾಹೀರಾತು, ನಕಲಿ ಉದ್ಯೋಗ ಪತ್ರ, ಬಹುಮಾನದ ಆಮಿಷ ಇತ್ಯಾದಿಗಳೂ ಬಂದು ತುಂಬಿಕೊಂಡಲ್ಲಿ ಎರಡು ಬಗೆಯ ನಷ್ಟ ಸಂಭವಿಸುತ್ತದೆ. ಮೊದಲನೆಯದಾಗಿ, ಅರ್ಜಿದಾರರು ವಂಚನೆಗೆ ಒಳಗಾಗಬಹುದು. ಎರಡನೆಯದಾಗಿ, ಅನಗತ್ಯ ಪತ್ರಗಳ ರಾಶಿಯಲ್ಲಿ ಇಲಾಖೆಯ ಪತ್ರ ಕಾಣದೆ ಹೋಗಿ, ನಿಗದಿತ ದಿನಾಂಕದೊಳಗೆ ಉತ್ತರಿಸದ ಕಾರಣಕ್ಕೆ ಅರ್ಜಿಯು ತಿರಸ್ಕೃತವಾಗಬಹುದು.

ಇಂತಹ ಪತ್ರಗಳ ಬಗ್ಗೆ ಯಾರ ಬಳಿ ದೂರು ನೀಡಬೇಕು, ಯಾವ ಕಾನೂನು ಅನ್ವಯಿಸುತ್ತದೆ, ಯಾವ ದಾಖಲೆಗಳು ಬೇಕು ಎಂಬ ವಿಷಯದಲ್ಲಿ ಸಾರ್ವಜನಿಕರಲ್ಲಿ ಗೊಂದಲವಿರುತ್ತದೆ. ದೂರವಾಣಿ ಕರೆಗೆ ಅನ್ವಯಿಸುವ ನಿಯಮವನ್ನು ಇ-ಮೇಲ್‌ಗೂ ಅನ್ವಯಿಸುತ್ತದೆಂದು ಭಾವಿಸಿ ತಪ್ಪು ಕಚೇರಿಗೆ ದೂರು ಸಲ್ಲಿಸಿದಲ್ಲಿ ಕಾಲವ್ಯಯವಾಗುತ್ತದೆ. ಈ ಹಿನ್ನೆಲೆಯಲ್ಲಿ ವಿಷಯದ ಮುಖ್ಯಾಂಶಗಳನ್ನು ಕೆಳಗೆ ನೀಡಲಾಗಿದೆ.

2. ಸ್ಪ್ಯಾಮ್ ಎಂದರೇನು?

ಒಂದು ಇ-ಮೇಲ್ ಸ್ಪ್ಯಾಮ್ ಎನಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಲಕ್ಷಣಗಳು ಒಟ್ಟಿಗೆ ಇರಬೇಕು.

ಅ) ಅಪೇಕ್ಷಿಸದಿರುವಿಕೆ: ಸ್ವೀಕರಿಸುವವರು ಆ ಪತ್ರಕ್ಕೆ ಮುಂಚಿತವಾಗಿ ಒಪ್ಪಿಗೆ ನೀಡಿರುವುದಿಲ್ಲ.
ಆ) ಸಾಮೂಹಿಕತೆ: ಒಂದೇ ಬಗೆಯ ಪತ್ರವನ್ನು ಬಹು ಸಂಖ್ಯೆಯ ವಿಳಾಸಗಳಿಗೆ ಏಕಕಾಲಕ್ಕೆ ಕಳುಹಿಸಲಾಗಿರುತ್ತದೆ.

ಈ ಎರಡರಲ್ಲಿ ಒಂದು ಮಾತ್ರ ಇದ್ದಲ್ಲಿ ಅದು ಸ್ಪ್ಯಾಮ್ ಆಗುವುದಿಲ್ಲ. ಅಪರಿಚಿತರೊಬ್ಬರು ವೈಯಕ್ತಿಕವಾಗಿ ಬರೆದ ಒಂದು ಪತ್ರವು ಅಪೇಕ್ಷಿಸದ್ದಾದರೂ ಸಾಮೂಹಿಕವಲ್ಲ. ಸಹಕಾರ ಸಂಘವು ತನ್ನ ಎಲ್ಲ ಸದಸ್ಯರಿಗೆ ಕಳುಹಿಸುವ ವಾರ್ಷಿಕ ಮಹಾಸಭೆಯ ತಿಳಿವಳಿಕೆಯು ಸಾಮೂಹಿಕವಾದರೂ ಸದಸ್ಯತ್ವದ ಸಂಬಂಧದಿಂದ ಬಂದದ್ದು. ಪತ್ರದ ವಿಷಯವು ಇಷ್ಟವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಸ್ಪ್ಯಾಮ್ ಎನ್ನಲಾಗದು.

ಸ್ಪ್ಯಾಮ್ ಮತ್ತು ವಂಚನೆಯ ಇ-ಮೇಲ್ ಒಂದೇ ಅಲ್ಲ ಎಂಬುದನ್ನೂ ಗಮನಿಸತಕ್ಕದ್ದು. ನಿಜವಾದ ಅಂಗಡಿಯೊಂದು ಒಪ್ಪಿಗೆಯಿಲ್ಲದೆ ಕಳುಹಿಸಿದ ರಿಯಾಯಿತಿ ಮಾರಾಟದ ಪತ್ರ ಸ್ಪ್ಯಾಮ್. ಬ್ಯಾಂಕ್ ಅಥವಾ ಇಲಾಖೆಯ ಹೆಸರನ್ನು ಬಳಸಿ ಪಾಸ್‌ವರ್ಡ್, ಒ.ಟಿ.ಪಿ. ಅಥವಾ ಹಣವನ್ನು ಕೇಳುವ ಪತ್ರ ಅಪರಾಧ. ಇದನ್ನು ಫಿಶಿಂಗ್ ಎನ್ನುತ್ತಾರೆ. ಎರಡಕ್ಕೂ ಪರಿಹಾರ ಮಾರ್ಗಗಳು ಬೇರೆ ಬೇರೆ.

3. ವಿವಾದ ಏಕೆ ಉಂಟಾಗುತ್ತದೆ?

ಸಾಧಾರಣ ಅಂಚೆಯಲ್ಲಿ ಅಂಚೆ ಚೀಟಿಯ ವೆಚ್ಚವನ್ನು ಕಳುಹಿಸುವವರು ಭರಿಸುತ್ತಾರೆ. ಹತ್ತು ಸಾವಿರ ಕರಪತ್ರ ಕಳುಹಿಸಬೇಕಾದರೆ ಮುದ್ರಣ ಮತ್ತು ಅಂಚೆ ವೆಚ್ಚವನ್ನು ಲೆಕ್ಕ ಹಾಕಿಯೇ ಕಳುಹಿಸಬೇಕಾಗುತ್ತದೆ. ಇ-ಮೇಲ್‌ನಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಹತ್ತು ಪತ್ರಕ್ಕೂ ಹತ್ತು ಲಕ್ಷ ಪತ್ರಕ್ಕೂ ಕಳುಹಿಸುವವರ ವೆಚ್ಚದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಅದನ್ನು ಸಂಗ್ರಹಿಸುವ, ಸೋಸುವ ಮತ್ತು ಅಳಿಸುವ ವೆಚ್ಚ ಹಾಗೂ ಸಮಯ ಸ್ವೀಕರಿಸುವವರ ಮತ್ತು ಅವರ ಸೇವಾ ಸಂಸ್ಥೆಯ ಖಾತೆಗೆ ಬೀಳುತ್ತದೆ. ಒಂದು ಲಕ್ಷ ಜನರಲ್ಲಿ ಒಬ್ಬರು ಖರೀದಿಸಿದರೂ ಕಳುಹಿಸಿದವರಿಗೆ ಲಾಭ; ಉಳಿದ 99,999 ಜನರದ್ದು ನಷ್ಟ. ಎಲ್ಲ ದೇಶಗಳಲ್ಲಿಯೂ ವಿವಾದದ ಮೂಲ ಇದೇ ಆಗಿದೆ.

ಕಳುಹಿಸುವವರ ವಾದಗಳೂ ಇವೆ. ವ್ಯಾಪಾರದ ಪ್ರಚಾರ ಕಾನೂನುಬದ್ಧ, ವಿಳಾಸವನ್ನು ಗ್ರಾಹಕರೇ ನೀಡಿದ್ದಾರೆ, ಬೇಡವಾದವರು ಹೊರಹೋಗಬಹುದು, ಒಪ್ಪಿಗೆ ಪಡೆದು ಕಳುಹಿಸಿದ ಪತ್ರವನ್ನೂ ಸೋಸುಕ ವ್ಯವಸ್ಥೆಗಳು ತಡೆಹಿಡಿದು ತಮಗೆ ನಷ್ಟ ಉಂಟುಮಾಡುತ್ತವೆ ಎಂಬುದು ಅವರ ನಿಲುವು. ಆದ್ದರಿಂದ ಹೆಚ್ಚಿನ ವಿವಾದಗಳು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಒಪ್ಪಿಗೆ ಇತ್ತೇ, ಇದ್ದರೆ ಅದಕ್ಕೆ ದಾಖಲೆ ಏನು?

4. ಇತರ ದೇಶಗಳಲ್ಲಿನ ಕಾನೂನು ಹಾಗೂ ಪ್ರಮುಖ ಪ್ರಕರಣಗಳು

ಅಮೆರಿಕದ ಅರ್ಪಾನೆಟ್ ಜಾಲದಲ್ಲಿ 1978ರ ಮೇ ತಿಂಗಳಿನಲ್ಲಿ ಗಣಕಯಂತ್ರ ತಯಾರಿಕಾ ಸಂಸ್ಥೆಯೊಂದರ ಮಾರಾಟ ವಿಭಾಗವು ಸುಮಾರು 400 ಬಳಕೆದಾರರಿಗೆ ಕಳುಹಿಸಿದ ಜಾಹೀರಾತನ್ನು ಇಂತಹ ಮೊದಲ ಪತ್ರವೆಂದು ಪರಿಗಣಿಸಲಾಗುತ್ತದೆ. ಅಂದೇ ಸ್ವೀಕರಿಸಿದವರಿಂದ ಆಕ್ಷೇಪಣೆಗಳು ಬಂದಿದ್ದವು. ವಾಣಿಜ್ಯ ಬಳಕೆಗೆ ಅಂತರ್ಜಾಲ ತೆರೆದ ನಂತರ ಆಕ್ಷೇಪಣೆಗಳು ನ್ಯಾಯಾಲಯದ ಮೆಟ್ಟಿಲೇರಿದವು.

1997ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಫೆಡರಲ್ ನ್ಯಾಯಾಲಯವು ಕಂಪ್ಯೂಸರ್ವ್ ಮತ್ತು ಸೈಬರ್ ಪ್ರಮೋಷನ್ಸ್ ನಡುವಿನ ಪ್ರಕರಣದಲ್ಲಿ, ಬೇಡವೆಂದು ತಿಳಿಸಿದ ನಂತರವೂ ಸಾಮೂಹಿಕ ಪತ್ರಗಳನ್ನು ಕಳುಹಿಸಿ ಇನ್ನೊಬ್ಬರ ಗಣಕಯಂತ್ರಗಳ ಮೇಲೆ ಹೊರೆ ಹಾಕುವುದು ಅವರ ಚರಸ್ವತ್ತಿನ ಮೇಲಿನ ಅತಿಕ್ರಮಣವೆಂದು ಪರಿಗಣಿಸಿ ತಡೆಯಾಜ್ಞೆ ನೀಡಿತು. 2003ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಇಂಟೆಲ್ ಮತ್ತು ಹಮೀದಿ ಪ್ರಕರಣದಲ್ಲಿ ಇದಕ್ಕೆ ಮಿತಿ ಹಾಕಿತು. ಮಾಜಿ ನೌಕರರೊಬ್ಬರು ಸಂಸ್ಥೆಯನ್ನು ಟೀಕಿಸಿ ಸಾವಿರಾರು ನೌಕರರಿಗೆ ಇ-ಮೇಲ್ ಕಳುಹಿಸಿದ್ದರು. ಗಣಕಯಂತ್ರಗಳಿಗೆ ಹಾನಿಯಾಗಲಿ, ಅವುಗಳ ಕಾರ್ಯಕ್ಕೆ ಅಡ್ಡಿಯಾಗಲಿ ಆಗಿರಲಿಲ್ಲವಾದ್ದರಿಂದ ಅತಿಕ್ರಮಣ ಸಾಬೀತಾಗಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಹಾನಿಯನ್ನು ತೋರಿಸುವ ಹೊಣೆ ದೂರುದಾರರದ್ದು ಎಂಬುದು ಇದರಿಂದ ಸ್ಪಷ್ಟವಾಯಿತು.

ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ 2003ರಲ್ಲಿ ಅಂಗೀಕಾರವಾಗಿ 2004ರ ಜನವರಿ 1ರಿಂದ ಜಾರಿಗೆ ಬಂದಿತು. ಇದರನ್ವಯ ಮುಂಗಡ ಒಪ್ಪಿಗೆ ಕಡ್ಡಾಯವಲ್ಲ. ಆದರೆ ಸುಳ್ಳು ವಿಳಾಸ ಮತ್ತು ದಾರಿತಪ್ಪಿಸುವ ವಿಷಯ ಸಾಲು ನಿಷಿದ್ಧ. ಅಂಚೆ ವಿಳಾಸ ನಮೂದಿಸಬೇಕು. ಬೇಡವೆಂದವರ ಕೋರಿಕೆಯನ್ನು 10 ಕೆಲಸದ ದಿನಗಳೊಳಗೆ ಪಾಲಿಸಬೇಕು. ಸಾಮಾನ್ಯ ಸ್ವೀಕರಿಸುವವರಿಗೆ ಈ ಕಾಯ್ದೆಯಡಿ ನೇರವಾಗಿ ದಾವೆ ಹೂಡುವ ಹಕ್ಕಿಲ್ಲ. ಸರ್ಕಾರಿ ಪ್ರಾಧಿಕಾರಗಳು ಮತ್ತು ಇ-ಮೇಲ್ ಸೇವಾ ಸಂಸ್ಥೆಗಳಿಗೆ ಮಾತ್ರ ಇದೆ. 2009ರಲ್ಲಿ ಗಾರ್ಡನ್ ಮತ್ತು ವರ್ಚುಮುಂಡೊ ಪ್ರಕರಣದಲ್ಲಿ, ಸ್ಪ್ಯಾಮ್ ಸಂಗ್ರಹಿಸಿ ದಾವೆ ಹೂಡುವುದನ್ನೇ ಉದ್ದೇಶವಾಗಿಸಿಕೊಂಡವರು ನಿಜವಾದ ಬಾಧಿತರಲ್ಲವೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು.

ಕಳುಹಿಸುವವರೇ ದಾವೆ ಹೂಡಿದ ನಿದರ್ಶನವೂ ಉಂಟು. ಇ360 ಇನ್‌ಸೈಟ್ ಎಂಬ ಮಾರಾಟ ಪ್ರಚಾರ ಸಂಸ್ಥೆಯು, ತನ್ನನ್ನು ಸ್ಪ್ಯಾಮ್ ಕಳುಹಿಸುವವರ ತಡೆಪಟ್ಟಿಗೆ ಸೇರಿಸಿದ ಸ್ಪ್ಯಾಮ್‌ಹಾಸ್ ಸಂಸ್ಥೆಯ ವಿರುದ್ಧ ಅಮೆರಿಕದಲ್ಲಿ ದಾವೆ ಹೂಡಿತು. ಪ್ರತಿವಾದಿಯು ದಾವೆಯನ್ನು ಎದುರಿಸುವುದನ್ನು ಕೈಬಿಟ್ಟ ಕಾರಣ 2006ರಲ್ಲಿ 1 ಕೋಟಿ 17 ಲಕ್ಷ ಡಾಲರ್‌ಗೂ ಹೆಚ್ಚಿನ ಪರಿಹಾರದ ಏಕಪಕ್ಷೀಯ ತೀರ್ಪು ಬಂದಿತು. ಮೇಲ್ಮನವಿಯಲ್ಲಿ ಪರಿಹಾರದ ಮೊತ್ತ ರದ್ದಾಗಿ, ಮರುವಿಚಾರಣೆಯಲ್ಲಿ 2010ರಲ್ಲಿ ಅದು 27,002 ಡಾಲರ್‌ಗೆ ಇಳಿಯಿತು. ನಷ್ಟಕ್ಕೆ ತಕ್ಕ ಲೆಕ್ಕಪತ್ರಗಳನ್ನು ಹಾಜರುಪಡಿಸದ ಕಾರಣ 2011ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು 3 ಡಾಲರ್‌ಗೆ ಇಳಿಸಿತು. ದಾವೆಯ ಮೊತ್ತ ಎಷ್ಟೇ ಇರಲಿ, ದಾಖಲೆಯಿಲ್ಲದ ನಷ್ಟಕ್ಕೆ ಪರಿಹಾರ ದೊರೆಯುವುದಿಲ್ಲ ಎಂಬುದಕ್ಕೆ ಈ ಪ್ರಕರಣ ನಿದರ್ಶನವಾಗಿದೆ.

ಯುರೋಪಿನ ಕ್ರಮ ಅಮೆರಿಕದ್ದಕ್ಕಿಂತ ಭಿನ್ನ. ಐರೋಪ್ಯ ಒಕ್ಕೂಟದ 2002ರ ನಿರ್ದೇಶನದಂತೆ ವ್ಯಕ್ತಿಗಳಿಗೆ ಪ್ರಚಾರದ ಇ-ಮೇಲ್ ಕಳುಹಿಸಲು ಮುಂಗಡ ಒಪ್ಪಿಗೆ ಅಗತ್ಯ. ತನ್ನ ಹಳೆಯ ಗ್ರಾಹಕರಿಗೆ ಅದೇ ಬಗೆಯ ಸರಕಿನ ಬಗ್ಗೆ ತಿಳಿಸಲು ಮಾತ್ರ ಸೀಮಿತ ವಿನಾಯಿತಿ ಇದೆ. ಇದನ್ನು ಅನುಸರಿಸಿದ ನಿಯಮಗಳಡಿ 2005ರಲ್ಲಿ ಬ್ರಿಟನ್ನಿನ ಕೌಂಟಿ ನ್ಯಾಯಾಲಯದಲ್ಲಿ ವ್ಯಕ್ತಿಯೊಬ್ಬರು ಸಣ್ಣ ಮೊತ್ತದ ದಾವೆ ಹೂಡಿ 270 ಪೌಂಡ್ ಪರಿಹಾರ ಪಡೆದರು. 2014ರಲ್ಲಿ ಅಲ್ಲಿಯೇ, ನಮೂನೆಯಲ್ಲಿ ಮೊದಲೇ ಗುರುತು ಹಾಕಿಟ್ಟ ಪೆಟ್ಟಿಗೆಯನ್ನು ಗ್ರಾಹಕರು ಅಳಿಸದೇ ಬಿಟ್ಟಿದ್ದನ್ನು ಒಪ್ಪಿಗೆ ಎನ್ನಲಾಗದೆಂದು ಇನ್ನೊಂದು ದಾವೆಯಲ್ಲಿ ತೀರ್ಮಾನವಾಯಿತು. ಆಸ್ಟ್ರೇಲಿಯಾದ 2003ರ ಸ್ಪ್ಯಾಮ್ ಕಾಯ್ದೆ ಮತ್ತು 2014ರ ಜುಲೈ 1ರಿಂದ ಜಾರಿಗೆ ಬಂದ ಕೆನಡಾದ ಕಾಯ್ದೆಗಳೂ ಒಪ್ಪಿಗೆಯನ್ನೇ ಆಧಾರವಾಗಿಸಿಕೊಂಡಿವೆ.

ಮೇಲ್ಕಂಡ ತೀರ್ಪುಗಳು ಭಾರತದ ಪ್ರಾಧಿಕಾರಗಳ ಮೇಲೆ ಬಂಧನಕಾರಿಯಲ್ಲ. ವಿವಾದದ ಸ್ವರೂಪವನ್ನು ತಿಳಿಯಲು ಮಾತ್ರ ಇಲ್ಲಿ ನೀಡಲಾಗಿದೆ.

5. ಭಾರತದಲ್ಲಿನ ಕಾನೂನು ಸ್ಥಿತಿ

ಭಾರತದಲ್ಲಿ ಸ್ಪ್ಯಾಮ್ ಇ-ಮೇಲ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಪ್ರಕರಣದ ಸಂಗತಿಗಳಿಗೆ ಅನುಗುಣವಾಗಿ ಕೆಳಕಂಡ ಕಾನೂನುಗಳು ಅನ್ವಯಿಸಬಹುದಾಗಿದೆ.

5.1 ಟ್ರಾಯ್ ನಿಯಮಗಳು: ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ವಾಣಿಜ್ಯ ಸಂವಹನಕ್ಕೆ ಸಂಬಂಧಿಸಿದಂತೆ 2007, 2010 ಮತ್ತು 2018ರಲ್ಲಿ ವಿನಿಯಮಗಳನ್ನು ಹೊರಡಿಸಿದ್ದು, 2018ರ ವಿನಿಯಮಗಳನ್ನು 2025ರ ಫೆಬ್ರವರಿಯಲ್ಲಿ ತಿದ್ದುಪಡಿ ಮಾಡಲಾಗಿದೆ. 1909 ಸಂಖ್ಯೆಯಲ್ಲಿ ಆದ್ಯತೆ ನೋಂದಾಯಿಸುವ ಮತ್ತು ದೂರು ನೀಡುವ ವ್ಯವಸ್ಥೆ ಇದರಡಿ ಬರುತ್ತದೆ. ಇದು ದೂರವಾಣಿ ಕರೆ ಮತ್ತು ಎಸ್.ಎಂ.ಎಸ್.ಗಳಿಗೆ ಮಾತ್ರ ಸಂಬಂಧಿಸಿದ್ದು, ಇ-ಮೇಲ್‌ಗೆ ಅನ್ವಯಿಸುವುದಿಲ್ಲ. ಡಿ.ಎನ್.ಡಿ. ನೋಂದಣಿ ಮಾಡಿಸಿದ್ದರೂ ಇ-ಮೇಲ್ ನಿಲ್ಲುವುದಿಲ್ಲ.

5.2 ಮಾಹಿತಿ ತಂತ್ರಜ್ಞಾನ ಕಾಯ್ದೆ, 2000: ಈ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ಮೂಲಕ ಸೇರಿಸಲಾದ ಕಲಂ 66ಎ, ಕಿರಿಕಿರಿ ಉಂಟುಮಾಡಲು ಅಥವಾ ಪತ್ರದ ಮೂಲದ ಬಗ್ಗೆ ದಾರಿತಪ್ಪಿಸಲು ಕಳುಹಿಸಿದ ಇ-ಮೇಲ್ ಅನ್ನು ಅಪರಾಧವೆಂದು ಪರಿಗಣಿಸಿತ್ತು. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಸದರಿ ಕಲಮನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿದೆ. ಆದ್ದರಿಂದ ಈ ಕಲಮಿನಡಿ ದೂರು ದಾಖಲಿಸಲು ಅವಕಾಶವಿಲ್ಲ. ಕೆಳಕಂಡ ಕಲಂಗಳು ಜಾರಿಯಲ್ಲಿವೆ.

- ಕಲಂ 43: ಅನುಮತಿಯಿಲ್ಲದೆ ಗಣಕಯಂತ್ರ ಅಥವಾ ಜಾಲವನ್ನು ಪ್ರವೇಶಿಸುವುದು, ವೈರಸ್ ಸೇರಿಸುವುದು, ಅದರ ಕಾರ್ಯಕ್ಕೆ ಅಡ್ಡಿಪಡಿಸುವುದು. ನಷ್ಟಕ್ಕೆ ಪರಿಹಾರ ಕೋರಬಹುದು.
- ಕಲಂ 66ಸಿ: ಇನ್ನೊಬ್ಬರ ಪಾಸ್‌ವರ್ಡ್, ವಿದ್ಯುನ್ಮಾನ ಸಹಿ ಮುಂತಾದ ಗುರುತಿನ ಲಕ್ಷಣಗಳ ವಂಚನೆಯ ಬಳಕೆ.
- ಕಲಂ 66ಡಿ: ಗಣಕ ಸಾಧನದ ಮೂಲಕ ಇನ್ನೊಬ್ಬರಂತೆ ನಟಿಸಿ ಮೋಸ ಮಾಡುವುದು.

ಕಲಂ 66ಸಿ ಮತ್ತು 66ಡಿ ಅಡಿ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ.

5.3 ಗ್ರಾಹಕ ಸಂರಕ್ಷಣಾ ಕಾಯ್ದೆ, 2019: ಗ್ರಾಹಕರು ವಿಶ್ವಾಸದಿಂದ ನೀಡಿದ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಬೆಂಬಲವಿಲ್ಲದೆ ಬೇರೆಯವರಿಗೆ ತಿಳಿಸುವುದು ಈ ಕಾಯ್ದೆಯ ಕಲಂ 2(47)ರಂತೆ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಅಂಗಡಿಗೆ ಬಿಲ್ಲಿಗಾಗಿ ನೀಡಿದ ಇ-ಮೇಲ್ ವಿಳಾಸವು ಅನ್ಯ ಸಂಸ್ಥೆಗಳ ಪ್ರಚಾರಕ್ಕೆ ಬಳಕೆಯಾಗಿದ್ದಲ್ಲಿ ಇದನ್ನು ಆಧರಿಸಬಹುದು. ಸುಲಭವಾಗಿ ಸೇರಿಸಿಕೊಂಡು ಹೊರಹೋಗುವ ದಾರಿಯನ್ನು ಮರೆಮಾಡುವಂತಹ ಆನ್‌ಲೈನ್ ತಂತ್ರಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.

5.4 ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023: ಈ ಕಾಯ್ದೆಯಂತೆ ಒಪ್ಪಿಗೆಯು ಮುಕ್ತ, ನಿರ್ದಿಷ್ಟ ಮತ್ತು ಸ್ಪಷ್ಟ ಕ್ರಿಯೆಯಿಂದ ವ್ಯಕ್ತವಾದುದಾಗಿರಬೇಕು. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಅಂದರೆ ಕನ್ನಡದಲ್ಲಿಯೂ ಓದಲು ಅವಕಾಶ ದೊರೆಯಬೇಕು. ಒಪ್ಪಿಗೆಯನ್ನು ನೀಡಿದಷ್ಟೇ ಸುಲಭವಾಗಿ ಹಿಂಪಡೆಯಲು ಸಾಧ್ಯವಾಗಬೇಕು. ಕಾಯ್ದೆಯ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ಸಂಸ್ಥೆಗಳ ಮುಖ್ಯ ಕರ್ತವ್ಯಗಳಿಗೆ ಸದರಿ ಅಧಿಸೂಚನೆಯಲ್ಲಿ 18 ತಿಂಗಳ ಅವಧಿ ನೀಡಲಾಗಿದೆ. ದೂರು ನೀಡುವ ದಿನದಂದು ಸಂಬಂಧಿಸಿದ ಕಲಂ ಜಾರಿಯಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಈ ಕಾಯ್ದೆಯಡಿ ವಿಧಿಸುವ ದಂಡದ ಹಣವು ಭಾರತದ ಸಂಚಿತ ನಿಧಿಗೆ ಜಮೆಯಾಗುತ್ತದೆಯೇ ಹೊರತು ದೂರುದಾರರಿಗೆ ಸಂದಾಯವಾಗುವುದಿಲ್ಲ.

6. ಯಾವ ದೂರನ್ನು ಎಲ್ಲಿ ಸಲ್ಲಿಸಬೇಕು?

ಅ) ಪರಿಚಿತ ಸಂಸ್ಥೆಯಿಂದ ಬರುವ ಪ್ರಚಾರ ಪತ್ರ: ಮೊದಲು ಪತ್ರದ ಕೆಳಭಾಗದಲ್ಲಿರುವ ಅನ್‌ಸಬ್‌ಸ್ಕ್ರೈಬ್ ಸೌಲಭ್ಯವನ್ನು ಬಳಸತಕ್ಕದ್ದು. ನಂತರವೂ ಪತ್ರ ಬಂದಲ್ಲಿ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ದಿನಾಂಕ ಸಹಿತ ಪ್ರತಿ ಇಟ್ಟುಕೊಳ್ಳತಕ್ಕದ್ದು. 2023ರ ಕಾಯ್ದೆಯಡಿ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗುವ ಮೊದಲು ಈ ಹಂತವನ್ನು ಪೂರೈಸುವುದು ಕಡ್ಡಾಯ.

ಆ) ಸರಕು ಅಥವಾ ಸೇವೆ ಖರೀದಿಸಿದ ಸಂಸ್ಥೆಯಿಂದ ಮಾಹಿತಿ ದುರುಪಯೋಗ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಸೇವೆ ಲಭ್ಯವಿದೆ. ಬಗೆಹರಿಯದಿದ್ದಲ್ಲಿ ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ, ಕಾರಣ ಉದ್ಭವಿಸಿದ ದಿನಾಂಕದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಪ್ರತಿಫಲ ಐದು ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ.

ಇ) ಹಣ ಕಳೆದುಕೊಂಡ ಪ್ರಕರಣ: ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆಯಾಗುವ ಮೊದಲು ತಡೆಹಿಡಿಯಲು ಮೊದಲ ಕೆಲವು ಗಂಟೆಗಳು ಅತಿ ಮುಖ್ಯ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಸ್ವೀಕೃತಿ ಪಡೆಯತಕ್ಕದ್ದು.

ಈ) ಹಣ ಹೋಗದಿದ್ದರೂ ವಂಚನೆಯ ಪ್ರಯತ್ನ: ಸದರಿ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಯಲ್ಲಿ (ಸಿ.ಇ.ಎನ್. ಠಾಣೆ ಎಂದು ಪರಿಚಿತ) ದೂರು ನೀಡಬಹುದು. ಪ್ರತ್ಯೇಕ ಠಾಣೆ ದೂರವಿದ್ದಲ್ಲಿ ಸಮೀಪದ ಪೊಲೀಸ್ ಠಾಣೆಯಲ್ಲಿಯೂ ನೀಡಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತನಿಖೆ ಮಾಡುತ್ತಾರೆ.

ಉ) ಗಣಕಯಂತ್ರ ಅಥವಾ ಜಾಲಕ್ಕೆ ಹಾನಿಯಾಗಿ ಪರಿಹಾರ ಬೇಕಾದಲ್ಲಿ: ಕಲಂ 46ರಂತೆ ನ್ಯಾಯನಿರ್ಣಯ ಅಧಿಕಾರಿಯವರಿಗೆ ಅರ್ಜಿ ಸಲ್ಲಿಸಬೇಕು. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರು ಈ ಅಧಿಕಾರಿಯಾಗಿರುತ್ತಾರೆ. ಐದು ಕೋಟಿ ರೂಪಾಯಿ ಮೀರದ ಕೋರಿಕೆಗಳು ಇವರ ವ್ಯಾಪ್ತಿಗೆ ಬರುತ್ತವೆ. ಆದೇಶದ ವಿರುದ್ಧ ದೂರಸಂಪರ್ಕ ವಿವಾದಗಳ ಇತ್ಯರ್ಥ ಮತ್ತು ಮೇಲ್ಮನವಿ ನ್ಯಾಯಾಧಿಕರಣಕ್ಕೆ 45 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಕೇವಲ ಕಿರಿಕಿರಿಯಾಗಿದೆ ಎಂಬ ಹೇಳಿಕೆ ಇಲ್ಲಿ ಸಾಲದು; ಹಾನಿಯ ವಿವರ ಮತ್ತು ಮೊತ್ತವನ್ನು ದಾಖಲೆಯೊಂದಿಗೆ ತೋರಿಸಬೇಕು.

7. ದೂರಿಗೆ ಬೇಕಾದ ದಾಖಲೆಗಳು

(1) ಮೂಲ ಇ-ಮೇಲ್. ಇದನ್ನು ಅಳಿಸಬಾರದು. ಇತರರಿಗೆ ಫಾರ್ವರ್ಡ್ ಮಾಡಿದ ಪ್ರತಿ ಅಥವಾ ಮುದ್ರಿತ ಹಾಳೆ ಮಾತ್ರ ಸಾಲದು; ಅವುಗಳಲ್ಲಿ ಪತ್ರ ಸಾಗಿ ಬಂದ ದಾರಿಯ ವಿವರ ಇರುವುದಿಲ್ಲ.
(2) ಇ-ಮೇಲ್‌ನ ಪೂರ್ಣ ಹೆಡರ್. ಪ್ರತಿ ಪತ್ರದೊಂದಿಗೆ ಅದು ಹಾದುಬಂದ ಗಣಕಯಂತ್ರಗಳ ವಿವರ, ದಿನಾಂಕ ಮತ್ತು ವೇಳೆ ದಾಖಲಾಗಿರುತ್ತದೆ. ಇ-ಮೇಲ್ ಸೇವೆಯ ಶೋ ಒರಿಜಿನಲ್ ಅಥವಾ ವ್ಯೂ ಸೋರ್ಸ್ ಎಂಬ ಆಯ್ಕೆಯಿಂದ ಇದನ್ನು ಪಡೆಯಬಹುದು.
(3) ಅನ್‌ಸಬ್‌ಸ್ಕ್ರೈಬ್ ಮಾಡಿದ ದಿನಾಂಕ ಮತ್ತು ಅದರ ಖಚಿತತೆಯ ಪತ್ರ.
(4) ಸಂಸ್ಥೆಗೆ ಬರೆದ ದೂರು ಹಾಗೂ ಬಂದ ಉತ್ತರ.
(5) ನಂತರ ಬಂದ ಪತ್ರಗಳ ದಿನಾಂಕವಾರು ಪಟ್ಟಿ.
(6) ಹಣ ಪಾವತಿಯಾಗಿದ್ದಲ್ಲಿ ಬ್ಯಾಂಕ್ ವ್ಯವಹಾರದ ಉಲ್ಲೇಖ ಸಂಖ್ಯೆ, ದಿನಾಂಕ, ವೇಳೆ ಮತ್ತು ಖಾತೆ ವಿವರ.

ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಂತೆ ಪ್ರಮಾಣಪತ್ರ ಅಗತ್ಯವಾಗಬಹುದು.

ಹೆಡರ್ ಪರಿಶೀಲಿಸದೆ ದೂರು ನೀಡಿದರೆ ನಿರಪರಾಧಿಗಳಿಗೆ ತೊಂದರೆಯಾಗುತ್ತದೆ. ಇ-ಮೇಲ್‌ನಲ್ಲಿ ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾರ ವಿಳಾಸವನ್ನು ಬೇಕಾದರೂ ನಮೂದಿಸಲು ಸಾಧ್ಯವಿದೆ. ಲಕೋಟೆಯ ಹಿಂಬದಿಯಲ್ಲಿ ಬೇರೆಯವರ ವಿಳಾಸ ಬರೆದು ಅಂಚೆಗೆ ಹಾಕಿದಂತೆ ಇದು. ಉದಾಹರಣೆಗೆ, ಪಟ್ಟಣವೊಂದರ ಔಷಧ ವ್ಯಾಪಾರಿಯ ವಿಳಾಸವನ್ನು ಕಳುಹಿಸುವವರ ಜಾಗದಲ್ಲಿ ನಮೂದಿಸಿ ವಂಚಕರು ಸಾವಿರಾರು ಪತ್ರ ಕಳುಹಿಸಿದರೆ, ಬೈಗುಳದ ಉತ್ತರಗಳೆಲ್ಲ ಆ ವ್ಯಾಪಾರಿಗೆ ಹೋಗುತ್ತವೆ. ಆತನೂ ಬಾಧಿತನೇ ಹೊರತು ಆರೋಪಿಯಲ್ಲ. ಹೆಡರ್‌ನ ಕೆಳಗಿನ ಸಾಲುಗಳನ್ನು ವಂಚಕರು ಸೃಷ್ಟಿಸಿರಬಹುದು. ಸ್ವೀಕರಿಸುವವರ ಸೇವಾ ಸಂಸ್ಥೆಯೇ ದಾಖಲಿಸಿದ ಮೇಲಿನ ಸಾಲುಗಳು ಹೆಚ್ಚು ನಂಬಲರ್ಹ.

8. ಸಾಮೂಹಿಕ ಇ-ಮೇಲ್ ಕಳುಹಿಸುವವರು ಪಾಲಿಸಬೇಕಾದ ಅಂಶಗಳು

ವ್ಯಾಪಾರಿಗಳು, ಶಿಕ್ಷಣ ಸಂಸ್ಥೆಗಳು ಮತ್ತು ಸಂಘಗಳು ವಿವಾದಕ್ಕೆ ಒಳಗಾಗದಿರಲು ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

- ವಿಳಾಸಗಳ ಪಟ್ಟಿಯನ್ನು ಖರೀದಿಸಬಾರದು. ಮಾರಿದವರು ಒಪ್ಪಿಗೆ ಇದೆ ಎಂದು ಹೇಳಿದರೂ ಅದನ್ನು ರುಜುವಾತುಪಡಿಸುವ ಹೊಣೆ ಕಳುಹಿಸುವವರ ಮೇಲೆ ಬರುತ್ತದೆ.
- ಒಪ್ಪಿಗೆಯ ದಿನಾಂಕ, ವೇಳೆ ಮತ್ತು ನಮೂನೆಯ ಪ್ರತಿಯನ್ನು ಲೆಕ್ಕಪತ್ರಗಳಂತೆಯೇ ಕಾಪಾಡಬೇಕು.
- ನೋಂದಾಯಿಸಿದ ವಿಳಾಸಕ್ಕೆ ಮೊದಲು ಖಚಿತತೆಯ ಪತ್ರ ಕಳುಹಿಸಿ, ಅದಕ್ಕೆ ಉತ್ತರ ಬಂದ ನಂತರವೇ ಪಟ್ಟಿಗೆ ಸೇರಿಸಬೇಕು. ಇದರಿಂದ ಒಬ್ಬರ ವಿಳಾಸವನ್ನು ಇನ್ನೊಬ್ಬರು ನಮೂದಿಸುವ ತೊಂದರೆ ತಪ್ಪುತ್ತದೆ.
- ಸಂಸ್ಥೆಯ ನಿಜವಾದ ಹೆಸರು, ವಿಳಾಸ ಮತ್ತು ಹೊರಹೋಗುವ ಸೌಲಭ್ಯ ಪ್ರತಿ ಪತ್ರದಲ್ಲಿಯೂ ಇರಬೇಕು.
- ಎಸ್.ಪಿ.ಎಫ್., ಡಿ.ಕೆ.ಐ.ಎಂ. ಮತ್ತು ಡಿ.ಎಂ.ಎ.ಆರ್.ಸಿ. ಎಂಬ ದೃಢೀಕರಣ ವ್ಯವಸ್ಥೆಗಳನ್ನು ಅಳವಡಿಸಬೇಕು. ಇವು ಪತ್ರವು ನಿಜವಾಗಿಯೂ ಆ ಸಂಸ್ಥೆಯಿಂದಲೇ ಬಂದಿದೆ ಎಂಬುದನ್ನು ತೋರಿಸುತ್ತವೆ.

2024ರ ಫೆಬ್ರವರಿಯಿಂದ ಜಿಮೇಲ್ ಸೇವೆಯು ದಿನಕ್ಕೆ 5,000ಕ್ಕೂ ಹೆಚ್ಚು ಪತ್ರಗಳನ್ನು ಅದರ ಬಳಕೆದಾರರಿಗೆ ಕಳುಹಿಸುವವರಿಗೆ ಸದರಿ ದೃಢೀಕರಣಗಳನ್ನು ಕಡ್ಡಾಯಗೊಳಿಸಿದೆ. ಪ್ರಚಾರ ಪತ್ರಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಹೊರಹೋಗುವ ಸೌಲಭ್ಯವಿರಬೇಕು ಹಾಗೂ ಸ್ಪ್ಯಾಮ್ ಎಂದು ಗುರುತಿಸಲ್ಪಡುವ ಪ್ರಮಾಣ ಶೇಕಡ 0.3ಕ್ಕೆ ತಲುಪಬಾರದೆಂದು ಸೂಚಿಸಿದೆ. ಇದು ಕಾನೂನಲ್ಲ, ಸೇವಾ ಸಂಸ್ಥೆಯ ಷರತ್ತು. ಆದರೂ ಪಾಲಿಸದವರ ಪತ್ರಗಳು ಸ್ವೀಕರಿಸುವವರಿಗೆ ತಲುಪದಿರಬಹುದು.

ತಡೆಪಟ್ಟಿಗೆ ತಪ್ಪಾಗಿ ಸೇರ್ಪಡೆಯಾಗಿದ್ದಲ್ಲಿ, ಪಟ್ಟಿ ನಿರ್ವಹಿಸುವ ಸಂಸ್ಥೆಗೆ ಕಾರಣ ಸರಿಪಡಿಸಿದ ವಿವರದೊಂದಿಗೆ ಕೋರಿಕೆ ಸಲ್ಲಿಸುವುದು ಮೊದಲ ಕ್ರಮ. ಮೇಲೆ ತಿಳಿಸಿದ 3 ಡಾಲರ್ ಪ್ರಕರಣವನ್ನು ಗಮನದಲ್ಲಿರಿಸಿಕೊಂಡು, ದಾವೆಗೆ ಮೊದಲು ದಾಖಲೆಗಳನ್ನು ಪರಿಶೀಲಿಸಿಕೊಳ್ಳುವುದು ಒಳಿತು.

9. ಸೇವೆಗಳಿಗೆ ಅರ್ಜಿ ಸಲ್ಲಿಸುವವರಿಗೆ ಸೂಚನೆಗಳು

(1) ಅರ್ಜಿಯಲ್ಲಿ ತಮ್ಮ ಸ್ವಂತ ಇ-ಮೇಲ್ ವಿಳಾಸವನ್ನೇ ನಮೂದಿಸತಕ್ಕದ್ದು. ಸೈಬರ್ ಕೇಂದ್ರ ಅಥವಾ ಜೆರಾಕ್ಸ್ ಅಂಗಡಿಯವರ ವಿಳಾಸ ನಮೂದಿಸಿದಲ್ಲಿ, ಇಲಾಖೆಯ ಪತ್ರವು ಅನೇಕ ಅರ್ಜಿದಾರರ ಪತ್ರಗಳ ನಡುವೆ ಸೇರಿ ಕಾಣದೆ ಹೋಗಬಹುದು. ಮಾಹಿತಿಯೂ ಬೇರೆಯವರ ಕೈಸೇರುತ್ತದೆ.
(2) ಸರ್ಕಾರಿ ಅರ್ಜಿ, ಬ್ಯಾಂಕ್ ಮತ್ತು ಪರೀಕ್ಷೆಗಳಿಗೆ ಒಂದು ವಿಳಾಸ, ಖರೀದಿ ಹಾಗೂ ಇತರ ನೋಂದಣಿಗಳಿಗೆ ಇನ್ನೊಂದು ವಿಳಾಸ ಇಟ್ಟುಕೊಳ್ಳುವುದು ಸೂಕ್ತ.
(3) ಅರ್ಜಿ ಸಲ್ಲಿಸಿದ ನಂತರ ಸ್ಪ್ಯಾಮ್ ಅಥವಾ ಜಂಕ್ ಕಡತವನ್ನು ವಾರಕ್ಕೊಮ್ಮೆಯಾದರೂ ನೋಡತಕ್ಕದ್ದು. ಸೋಸುಕ ವ್ಯವಸ್ಥೆಗಳು ಕೆಲವೊಮ್ಮೆ ನಿಜವಾದ ಪತ್ರವನ್ನೂ ಅಲ್ಲಿಗೆ ಹಾಕುತ್ತವೆ. ಕೆಲವು ಸೇವೆಗಳಲ್ಲಿ ಅಲ್ಲಿನ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿಹೋಗುತ್ತವೆ.
(4) ಇಲಾಖೆಯ ಪತ್ರ ಅಲ್ಲಿ ಕಂಡುಬಂದಲ್ಲಿ, ಸ್ಪ್ಯಾಮ್ ಅಲ್ಲ ಎಂದು ಗುರುತು ಮಾಡತಕ್ಕದ್ದು. ಮುಂದಿನ ಪತ್ರಗಳು ಸರಿಯಾದ ಕಡತಕ್ಕೆ ಬರಲು ಇದು ನೆರವಾಗುತ್ತದೆ.
(5) ಇ-ಮೇಲ್ ಬಂದಿಲ್ಲವೆಂದು ಕಾಯುತ್ತ ಕೂರದೆ, ಸ್ವೀಕೃತಿ ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ಪೋರ್ಟಲ್‌ನಲ್ಲಿ ಅಥವಾ ಅರ್ಜಿ ಸಲ್ಲಿಸಿದ ಕೇಂದ್ರದಲ್ಲಿ ಪರಿಶೀಲಿಸತಕ್ಕದ್ದು.
(6) ಸರ್ಕಾರದ ಹೆಸರಿನಲ್ಲಿ ಬಂದ ಪತ್ರದ ವಿಳಾಸವು ಗವ್ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಎಂದು ಕೊನೆಗೊಳ್ಳದಿದ್ದಲ್ಲಿ ಎಚ್ಚರಿಕೆ ಅಗತ್ಯ. ವಿಳಾಸ ಸರಿಯಾಗಿ ಕಂಡರೂ ಅದು ನಕಲಿಯಾಗಿರುವ ಸಾಧ್ಯತೆ ಇರುವುದರಿಂದ, ಹಣ ಅಥವಾ ಒ.ಟಿ.ಪಿ. ಕೇಳಿದಲ್ಲಿ ಕಚೇರಿಯಲ್ಲಿಯೇ ವಿಚಾರಿಸತಕ್ಕದ್ದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಲ್ಲ ಸ್ಪ್ಯಾಮ್ ಪತ್ರಗಳಲ್ಲಿಯೂ ಅನ್‌ಸಬ್‌ಸ್ಕ್ರೈಬ್ ಒತ್ತಬಹುದೇ?
ಉತ್ತರ: ಇಲ್ಲ. ಪರಿಚಿತ ಸಂಸ್ಥೆಯ ಪತ್ರದಲ್ಲಿ ಮಾತ್ರ ಒತ್ತಬಹುದು. ಅಪರಿಚಿತ ಅಥವಾ ವಂಚನೆಯ ಪತ್ರದಲ್ಲಿ ಒತ್ತಿದರೆ ವಿಳಾಸವು ಬಳಕೆಯಲ್ಲಿದೆ ಎಂದು ವಂಚಕರಿಗೆ ತಿಳಿಯುತ್ತದೆ. ನಕಲಿ ಪುಟವೂ ತೆರೆದುಕೊಳ್ಳಬಹುದು. ಅಂತಹ ಪತ್ರವನ್ನು ಸ್ಪ್ಯಾಮ್ ಎಂದು ಗುರುತು ಮಾಡಿದರೆ ಸಾಕು.

ಪ್ರಶ್ನೆ: ಕಳುಹಿಸಿದವರು ವಿದೇಶದಲ್ಲಿದ್ದರೆ?
ಉತ್ತರ: ಭಾರತದಲ್ಲಿರುವ ಗಣಕಯಂತ್ರ ಅಥವಾ ಜಾಲವನ್ನು ಒಳಗೊಂಡ ಅಪರಾಧಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 75ರಂತೆ ಈ ಕಾಯ್ದೆ ಅನ್ವಯಿಸುತ್ತದೆ. ಆದರೆ ಆರೋಪಿಯನ್ನು ಪತ್ತೆಹಚ್ಚಲು ಆ ದೇಶದ ಸಹಕಾರ ಬೇಕಾಗುವುದರಿಂದ ವಿಳಂಬವಾಗುತ್ತದೆ. ಹಣ ಹೋಗಿದ್ದಲ್ಲಿ 1930ಕ್ಕೆ ಮಾಡುವ ಕರೆಯೇ ಹೆಚ್ಚು ಪ್ರಯೋಜನಕಾರಿ.

ಪ್ರಶ್ನೆ: ಕಳುಹಿಸಿದವರಿಗೆ ಪ್ರತಿಯಾಗಿ ಸಾವಿರಾರು ಪತ್ರ ಕಳುಹಿಸಿ ಪಾಠ ಕಲಿಸಬಹುದೇ?
ಉತ್ತರ: ಕೂಡದು. ವಿಳಾಸವು ನಿರಪರಾಧಿಯದ್ದಾಗಿರಬಹುದು. ಅಲ್ಲದೆ ಇನ್ನೊಬ್ಬರ ವ್ಯವಸ್ಥೆಗೆ ಅಡ್ಡಿಪಡಿಸಿದವರೇ ಕಲಂ 43ರಡಿ ಹೊಣೆಗಾರರಾಗುತ್ತಾರೆ.

ಪ್ರಶ್ನೆ: ಸುಳ್ಳು ದೂರು ನೀಡಿದರೆ ಏನಾಗುತ್ತದೆ?
ಉತ್ತರ: 2023ರ ಕಾಯ್ದೆಯಂತೆ ಸುಳ್ಳು ಅಥವಾ ಕ್ಷುಲ್ಲಕ ದೂರು ನೀಡಬಾರದೆಂಬುದು ದತ್ತಾಂಶದ ಒಡೆಯರ ಕರ್ತವ್ಯವಾಗಿದ್ದು, ಉಲ್ಲಂಘನೆಗೆ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಪ್ರಶ್ನೆ: ಇಲಾಖೆಯ ಪತ್ರವು ಸ್ಪ್ಯಾಮ್ ಕಡತದಲ್ಲಿದ್ದು, ನೋಡುವಷ್ಟರಲ್ಲಿ ಅವಧಿ ಮುಗಿದಿದೆ. ಏನು ಮಾಡಬೇಕು?
ಉತ್ತರ: ಪತ್ರವನ್ನು ಅಳಿಸದೆ, ಅದು ಬಂದ ದಿನಾಂಕ ಮತ್ತು ಕಡತ ಕಾಣುವಂತೆ ಪ್ರತಿ ತೆಗೆದು, ವಿಳಂಬಕ್ಕೆ ಕಾರಣ ವಿವರಿಸಿ ಸಂಬಂಧಿಸಿದ ಅಧಿಕಾರಿಗೆ ಕೂಡಲೇ ಲಿಖಿತ ಮನವಿ ಸಲ್ಲಿಸತಕ್ಕದ್ದು. ಆಯಾ ಸೇವೆಯ ನಿಯಮಗಳಲ್ಲಿ ವಿಳಂಬ ಮನ್ನಿಸಲು ಅಥವಾ ಮೇಲ್ಮನವಿಗೆ ಅವಕಾಶವಿದ್ದಲ್ಲಿ ಈ ದಾಖಲೆ ಆಧಾರವಾಗುತ್ತದೆ. ಎಲ್ಲ ಸೇವೆಗಳಲ್ಲಿ ಇಂತಹ ಅವಕಾಶ ಇರುವುದಿಲ್ಲವಾದ್ದರಿಂದ ಮುಂಜಾಗ್ರತೆಯೇ ಉತ್ತಮ.

11. ವಿಶೇಷ ಸೂಚನೆ

ಮೇಲಿನ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದನ್ನು ಕಾನೂನು ಅಭಿಪ್ರಾಯವೆಂದು ಪರಿಗಣಿಸತಕ್ಕದ್ದಲ್ಲ. ಕಾಯ್ದೆ ಮತ್ತು ನಿಯಮಗಳ ಮೂಲ ಪಾಠಕ್ಕೂ ಇಲ್ಲಿನ ವಿವರಣೆಗೂ ವ್ಯತ್ಯಾಸ ಕಂಡುಬಂದಲ್ಲಿ ಮೂಲ ಪಾಠವೇ ಅಂತಿಮ. ಉಚಿತ ಕಾನೂನು ನೆರವಿಗೆ ಅರ್ಹರಾದವರು ತಮ್ಮ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.